ಸೋಸಲಾಗದ ಮೇಯುವ ಜೀವಿಗಳು: ಅವು ಎಷ್ಟು ತಿಂದವು ಅಂತ ಅಳೆಯೋದು ಹೇಗೆ

ಕಡಲಿನ ಸಸ್ಯಪ್ಲವಕಗಳನ್ನು (ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ) ಮೇಯುವ ಏಕಕೋಶ ಜೀವಿಗಳಾದ ಸೀಲಿಯೇಟು, ಡೈನೋಫ್ಲಾಜೆಲೇಟುಗಳು 200 ಮೈಕ್ರೋಮೀಟರಿಗಿಂತ ಚಿಕ್ಕವು. ತಿನ್ನುವುದೂ ತಿನ್ನಿಸಿಕೊಳ್ಳುವುದೂ ಹೆಚ್ಚುಕಡಿಮೆ ಒಂದೇ ಅಳತೆ, ಜಾಲರಿ ಹಿಡಿದು ಬೇರೆ ಮಾಡೋಕಾಗಲ್ಲ. 1982ರಲ್ಲಿ ಲ್ಯಾಂಡ್ರಿ ಮತ್ತು ಹ್ಯಾಸೆಟ್ ಪ್ರಕಟಿಸಿದ ಉಪಾಯ ಸರಳ: ಜೀವಿಗಳಿಲ್ಲದಂತೆ ಸೋಸಿದ ಅದೇ ನೀರು ಬೆರೆಸಿ ತೆಳುಮಾಡಿದಷ್ಟೂ ಇವೆರಡೂ ಎದುರಾಗುವುದು ಕಡಿಮೆ, ಪಾಚಿ ಬೆಳೆಯುವ ವೇಗ ಮಾತ್ರ ಅಷ್ಟೇ.

ಪ್ರಯೋಗವನ್ನು ಕಡಲ ದಡದಲ್ಲೇ ಮಾಡಿ. ಮಂಗಳೂರಿನಲ್ಲಿ ಕ್ಯಾನು ತುಂಬಿ ಸಂಪಾಜೆ ಘಾಟಿ ಹತ್ತಿಸಿ ಮೈಸೂರಿಗೆ ತಂದರೆ, ಆ ಕುಲುಕಾಟಕ್ಕೆ ಸೀಲಿಯೇಟುಗಳು ಒಡೆದುಹೋಗುತ್ತವೆ. ಕೈ ಪಳಗಿಸೋಕೆ ನಾನು ಹುಡುಗರಿಗೆ ಕುಕ್ಕರಹಳ್ಳಿ ಕೆರೆ ನೀರನ್ನೇ ಕೊಡೋದು.

ಪಾಲಿಕಾರ್ಬೊನೇಟ್ ಬಾಟಲಿಗಳನ್ನು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಕೊನೆಯ ತೊಳೆತಕ್ಕೆ ಅದು ಬೇಡ. ಅರ್ಧ ನೀರನ್ನು 0.2 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ. ಕೆರೆ ನೀರಾದರೆ ಮೊದಲು ಗ್ಲಾಸ್ ಫೈಬರ್ ಫಿಲ್ಟರಿನಲ್ಲಿ ಒಮ್ಮೆ ಸೋಸಿ, ಇಲ್ಲವಾದರೆ ಕಟ್ಟಿಕೊಂಡು ಸಂಜೆಯವರೆಗೂ ತೊಟ್ಟಿಕ್ಕುತ್ತೆ. ಉಳಿದ ನೀರನ್ನು 200 ಮೈಕ್ರೋಮೀಟರ್ ಜಾಲರಿಯಲ್ಲಿ ಹಾಯಿಸಿದರೆ ಕೋಪೆಪಾಡುಗಳು (ಸೀಗಡಿ ಜಾತಿಯ ಪುಟ್ಟ ಜೀವಿಗಳು) ಹೊರಗೆ.

ಈಗ ಜಾಲರಿ ಹಾಯ್ದ ಈ ಅಸಲು ನೀರಿನ ಪಾಲು ಶೇ. 100, 80, 60, 40, 20 ಇರುವಂತೆ ಬೆರೆಸಿ, ಪ್ರತಿಯೊಂದಕ್ಕೂ ಮೂರು ಬಾಟಲಿ. ಸುರಿಯಬೇಡಿ! ಸಿಲಿಕೋನ್ ಕೊಳವೆಯ ತುದಿ ನೀರೊಳಗೇ ಮುಳುಗಿರಲಿ, ಗುಳ್ಳೆ ಏಳಬಾರದು. ಮೇಯುವ ಜೀವಿ ಇಲ್ಲೇ ಸತ್ತರೆ ಮುಂದಿನ ಲೆಕ್ಕವೆಲ್ಲ ನೀರಲ್ಲಿ ಹೋಮ. ಎಲ್ಲಕ್ಕೂ ನೈಟ್ರೇಟು, ಫಾಸ್ಫೇಟು ಹಾಕಿ. ಹಾಕದ ಅಸಲು ನೀರಿನ ಮೂರು ಬಾಟಲಿ ಪಕ್ಕಕ್ಕಿಡಿ, ನಿಜವಾದ ಬೆಳವಣಿಗೆ ತಿಳಿಯೋದು ಅವುಗಳಿಂದಲೇ. ಮಾದರಿ ತೆಗೆದ ಜಾಗದ ತಾಪಮಾನ, ಬೆಳಕು ಇರುವ ಟಬ್ಬಿನಲ್ಲಿ 24 ಗಂಟೆ.

ಶುರುವಿನಲ್ಲೂ ಕೊನೆಯಲ್ಲೂ ಸೋಸಿ, ಶೇ. 90ರ ಅಸಿಟೋನಿನಲ್ಲಿ ಕತ್ತಲಲ್ಲಿಟ್ಟು, ಪಾಚಿ ಎಷ್ಟಿದೆ ಅಂತ ತೋರಿಸುವ ಕ್ಲೋರೊಫಿಲ್ ಅಳೆಯಿರಿ. ಕೊನೆಯದನ್ನು ಮೊದಲಿನದರಿಂದ ಭಾಗಿಸಿ ನ್ಯಾಚುರಲ್ ಲಾಗ್ ತೆಗೆಯಿರಿ. ಅಭ್ಯಾಸಕ್ಕೆ ಕಲ್ಪಿತ ಲೆಕ್ಕ: ಅಸಲು ನೀರಲ್ಲಿ 2.0 ಇದ್ದದ್ದು 2.4 ಆದರೆ 0.18, ಶೇ. 20ರಲ್ಲಿ 0.40 ಇದ್ದದ್ದು 0.76 ಆದರೆ 0.64. ಪಾಲಿನೆದುರು ಗೆರೆ ಎಳೆದರೆ ಇಳಿಜಾರು ಸುಮಾರು 0.57, ಅದೇ ದಿನದ ಮೇಯುವ ದರ. ಗೆರೆ ಸೊನ್ನೆ ಪಾಲನ್ನು ಮುಟ್ಟುವ 0.76 ನೈಟ್ರೇಟು, ಫಾಸ್ಫೇಟು ಹಾಕಿದಾಗಿನ ಬೆಳವಣಿಗೆಯ ದರ.

ಗೆರೆ ಬಲತುದಿಯಲ್ಲಿ ಚಪ್ಪಟೆಯಾದರೆ ಅಲ್ಲಿ ಆಹಾರ ಹೆಚ್ಚಾಗಿ ಜೀವಿಗಳ ಹೊಟ್ಟೆ ತುಂಬಿದೆ ಅಂತ ಅನುಮಾನಿಸಿ, ತೆಳು ಬಾಟಲಿಗಳ ನೇರ ಭಾಗದಿಂದಲೇ ದರ ತೆಗೆಯಿರಿ. ಉದ್ದಕ್ಕೂ ಮಲಗಿಬಿಟ್ಟರೆ ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ. ಹಸಿರುಗಟ್ಟಿದ ಕೆರೆ ನೀರಲ್ಲಿ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯ ದೊಡ್ಡ ಗುಂಪುಗಳಿದ್ದರೆ, ಅವು ಈ ಚಿಕ್ಕ ಬಾಯಿಗಳಿಗೆ ಹಿಡಿಯುವಂಥವಲ್ಲ.