ಘಟ್ಟದ ಕಥೆ ಪೆನ್‌ಡ್ರೈವ್‌ನಲ್ಲೇ ಉಳಿಯದಿರಲಿ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರಿಗೆ ಸಹ್ಯಾದ್ರಿ ಕಡಲ ಕಡೆಗೆ ಎಷ್ಟು ಕಡಿದಾಗಿದೆ ಎಂದು ಗೊತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಬೇರೆಯಾಯಿತು. ಘಟ್ಟದ ಈ ರೂಪಕ್ಕೂ ಆ ಒಡಕಿಗೂ ನಂಟಿದೆ. ಇಂಥದ್ದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಜಿಯೋಡೈನಮಿಕ್ಸ್ ಗುಂಪುಗಳ ಕೆಲಸ. ಆ ಲೆಕ್ಕ, ಸ್ಲೈಡು, ಅಭ್ಯಾಸದ ಹಾಳೆ ಎಲ್ಲ ಯಾರದೋ ಪೆನ್‌ಡ್ರೈವ್‌ನಲ್ಲಿ ಉಳಿದರೆ ಕಾರವಾರದ ಕಾಲೇಜಿಗೆ ಏನು ಸಿಕ್ಕೀತು? ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮ ಜಿಲ್ಲೆಯ ಮಕ್ಕಳು, ಪಾಠ ಹೇಳುವ ಮಾಸ್ತರರು ಇದನ್ನು ಹಂಚಲು ಹೀಗೆ ಮಾಡಬಹುದು.

ಮೊದಲು ಯಾವುದು ನಿಮ್ಮದು, ಯಾವುದು ಅಲ್ಲ ಎಂದು ಬೇರೆ ಮಾಡಿ. ಸಂಶೋಧನಾ ಪತ್ರಿಕೆಯಿಂದ ತೆಗೆದ ಚಿತ್ರ, ಸ್ಕ್ಯಾನ್ ಮಾಡಿದ ಸರ್ವೇ ನಕ್ಷೆ ಸುಮ್ನೆ ಹಾಕುವಂತಿಲ್ಲ. ಅನುಮತಿ ಕೇಳಿ, ಇಲ್ಲವೇ ಹೊಸದಾಗಿ ಬರೆಯಿರಿ.

ಆಮೇಲೆ ಲೆಕ್ಕದ ಕಡತಗಳು. ಇಲ್ಲಿ ಜಾಸ್ತಿ ಗಮನ ಬೇಕು. ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಬಂಡೆಪದರ) ಕಾವಿನಿಂದ ನಿಧಾನಕ್ಕೆ ಹೊರಳಾಡುವುದರ ಒಂದು ಮಾದರಿ ಓಡಿಸಿದರೆ ಫಲಿತಾಂಶವೇ ಹತ್ತಾರು ಜಿಬಿ ಆದೀತು. ಅದನ್ನೆಲ್ಲ ಹಾಕುವ ಅಗತ್ಯವಿಲ್ಲ. ಆಸ್ಪೆಕ್ಟ್‌ನಂಥ ಮುಕ್ತ ತಂತ್ರಾಂಶ ಬಳಸಿದ್ದರೆ ನೀವು ಕೊಟ್ಟ ಇನ್‌ಪುಟ್ ಕಡತ, ತಂತ್ರಾಂಶದ ಆವೃತ್ತಿ ಸಂಖ್ಯೆ, ಒಂದೆರಡು ಚಿತ್ರ ಸಾಕು. ಬೇಕಾದವರು ಮತ್ತೆ ಓಡಿಸಿ ನೋಡುತ್ತಾರೆ. ಜೊತೆಗೆ ಒಂದು ರೀಡ್‌ಮಿ ಕಡತ ಇರಲೇಬೇಕು: ಆಳ ಕಿಲೋಮೀಟರಿನಲ್ಲೋ ಮೀಟರಿನಲ್ಲೋ, ಉಷ್ಣತೆ ಕೆಲ್ವಿನ್‌ನಲ್ಲೋ, ಯಾವ ಕಡತ ಮೊದಲು ತೆರೆಯಬೇಕು. ಇದಿಲ್ಲದೆ ಹಂಚಿದ್ದು ಹಂಚಿದಂತಲ್ಲ.

ಪಾಠಕ್ಕೆ ಜುಪಿಟರ್ ನೋಟ್‌ಬುಕ್ ಒಳ್ಳೆಯದು. ಬರಹ, ಕೋಡ್, ಚಿತ್ರ ಒಂದೇ ಪುಟದಲ್ಲಿರುತ್ತವೆ, ಕೋಡನ್ನು ಅಲ್ಲೇ ಓಡಿಸಬಹುದು. ಪದರವನ್ನು ಹೊರಳಿಸುವಷ್ಟು ಬಲ ಕಾವಿಗಿದೆಯೇ ಎಂದು ಹೇಳುವ ರೇಲೀ ಸಂಖ್ಯೆಯನ್ನು ವಿದ್ಯಾರ್ಥಿ ತಾನೇ ಬದಲಿಸುತ್ತಾ ಹೋಗಲಿ. ಕೆಳಗಿನಿಂದ ಕಾಯಿಸಿದ, ಮೇಲೂ ಕೆಳಗೂ ಜಾರುವ ಅಂಚಿರುವ ಪದರದಲ್ಲಿ ಅದು ಸುಮಾರು 657 ದಾಟಿದಾಗ ಹೊರಳಾಟ ಶುರುವಾಗುತ್ತದೆ. ಹತ್ತು ಸ್ಲೈಡಿನಲ್ಲಿ ಹೇಳಿದರೂ ತಲೆಗೆ ಹತ್ತದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಆದರೆ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಊರುಗಳೂ ನಮ್ಮಲ್ಲಿವೆ ಅಲ್ವಾ? ಅದೇ ಪಾಠದ ಸಣ್ಣ ಪಿಡಿಎಫ್ ಕೂಡ ಇಡಿ, ಚಿತ್ರದ ವಿವರಣೆ ಕನ್ನಡದಲ್ಲಿರಲಿ.

ಪರವಾನಗಿ ಬರೆಯದಿದ್ದರೆ ಯಾರೂ ಧೈರ್ಯವಾಗಿ ಬಳಸಲಾರರು. ಪಾಠಕ್ಕೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ 4.0 ಸೂಕ್ತ. ಬಳಸಿದವರು ನಿಮ್ಮ ಹೆಸರು ಹೇಳಿ, ಪರವಾನಗಿಯ ಕೊಂಡಿ ಕೊಟ್ಟು, ಏನಾದರೂ ಬದಲಿಸಿದ್ದರೆ ಅದನ್ನೂ ತಿಳಿಸಬೇಕು, ಅಷ್ಟೇ. ‘ಬದಲಾವಣೆ ಕೂಡದು’ ಎನ್ನುವ ಎನ್‌ಡಿ ಷರತ್ತು ಮಾತ್ರ ಬೇಡ. ಅದಿದ್ದರೆ ಕನ್ನಡಕ್ಕೆ ತಂದು ಹಂಚುವುದಕ್ಕೂ ಅಡ್ಡಿ. ಕೋಡ್‌ಗೆ ಎಂಐಟಿ ಅಥವಾ ಜಿಪಿಎಲ್ ಎಂಬ ಮುಕ್ತ ಪರವಾನಗಿ ಇರಲಿ.

ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಹಂಚುವ ಜಾಲತಾಣದಲ್ಲಿಡಿ. ಅಲ್ಲಿ 100 ಎಂಬಿ ಮೀರಿದ ಕಡತ ಹಿಡಿಸುವುದಿಲ್ಲ. ಶಾಶ್ವತ ಪ್ರತಿಯನ್ನು ಝೆನೊಡೊ ಎಂಬ ಆನ್‌ಲೈನ್ ಭಂಡಾರಕ್ಕೆ ಹಾಕಿ. ಇದು 2013ರಲ್ಲಿ ಶುರುವಾದದ್ದು, ನಡೆಸುವುದು ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್, ಹಣ ಕೊಡಬೇಕಿಲ್ಲ. ಪ್ರತಿ ಆವೃತ್ತಿಗೂ ಒಂದು ಡಿಒಐ, ಅಂದರೆ ಬದಲಾಗದ ಗುರುತಿನ ಸಂಖ್ಯೆ ಸಿಗುತ್ತದೆ, ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು. ಪ್ರಬಂಧದಲ್ಲಿ ಮೊದಲನೆಯದನ್ನು ಬರೆಯಿರಿ. ವಿದ್ಯಾರ್ಥಿಗಳ ಹಾಳೆಯಲ್ಲಿ ಎರಡನೆಯದು. ನೀವು ಮುಂದೆ ತಿದ್ದಿದರೂ ಅವರಿಗೆ ಹೊಸ ಪ್ರತಿಯೇ ತೆರೆಯುತ್ತದೆ.