ಈ ತಿಂಗಳು ಕಾಪಿ, ಮುಂದಿನ ತಿಂಗಳು ಡಿಲೀಟ್: ಫೋನ್ ಖಾಲಿ ಮಾಡಿದ ನನ್ನ ಅನುಭವ

ನನ್ನದು 128 ಜಿಬಿ ಫೋನ್. ತಗೊಂಡು ನಾಲ್ಕು ವರ್ಷದ ಮೇಲಾಯಿತು. ಒಂದು ಕಾಲಕ್ಕೆ ಅದರಲ್ಲಿ ಒಂದು ಜಿಬಿಯೂ ಖಾಲಿ ಇರಲಿಲ್ಲ, ಕ್ಯಾಮೆರಾ ತೆರೆದರೆ ಜಾಗ ಇಲ್ಲ ಅಂತ ಬೈಯುತ್ತಿತ್ತು. ಈಗ ಅರವತ್ತರ ಆಸುಪಾಸು ಖಾಲಿ ಇದೆ. ಬೇಕಾದ ಫೋಟೋ ಒಂದೂ ಕಳೆದಿಲ್ಲ, ಹೊಸ ಫೋನೂ ತಗೊಂಡಿಲ್ಲ. ಇದು ಆಗೋ ಮಾತಲ್ಲ ಅಂದವರೇ ಜಾಸ್ತಿ. ನಮ್ಮ ಅಕ್ಕನ ಮಗ ಇಲ್ಲೇ ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನದು ಒಂದೇ ಹಾಡು: "ಮಾವಾ, ಯಾಕ ಸುಮ್ನ ತಲಿ ಕೆಡಿಸ್ಕೊಂತೀರಿ? ಹದಿನೆಂಟು ಸಾವಿರ ಕೊಡ್ರಿ, 256 ಜಿಬಿದು ಕೊಡ್ತೀನಿ." ಅವನ ವ್ಯಾಪಾರ ಅವನು ನೋಡಬೇಕಲ್ಲ. ಆದರೆ 128 ತುಂಬಿಸಿದವನಿಗೆ 256 ತುಂಬಿಸೋದು ಎಷ್ಟು ಹೊತ್ತು?

ನಮ್ಮದು ಬೀಜ, ಗೊಬ್ಬರ, ಔಷಧದ ಅಂಗಡಿ. ಬೇರೆಯವರಿಗೆ ಫೋಟೋ ಅಂದರೆ ಮದುವೆ, ಜಾತ್ರೆ, ಮಕ್ಕಳ ಹುಟ್ಟುಹಬ್ಬ. ನಮಗೆ ಅದರ ಜೊತೆಗೆ ಎಲೆ, ಕಾಂಡ, ಹುಳ. ರೈತರು ಬೆಳಿಗ್ಗೆ ಗದ್ದೆಯಲ್ಲಿ ನಿಂತೇ ಫೋಟೋ ಹೊಡೆದು ಕಳಿಸುತ್ತಾರೆ, "ಅಣ್ಣಾ, ಇದಕ್ಕ ಯಾವ ಎಣ್ಣಿ ಹೊಡಿಬೇಕು?" ಅಂತ. ಭತ್ತದ ಬೆಂಕಿ ರೋಗ, ಕಂದು ಜಿಗಿಹುಳು, ಹತ್ತಿಯ ಗುಲಾಬಿ ಕಾಯಿಕೊರಕ, ಎಲ್ಲದರದ್ದೂ ಫೋಟೋ ಇದೆ. 2021ರ ಕೊನೆಯಲ್ಲಿ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಬಿತ್ತಲ್ಲ, ಆಗ ಒಬ್ಬ ರೈತರು ಕಳಿಸಿದ ಒಂದು ಫೋಟೋ ನನಗೆ ಬಂಗಾರ. ಬಿಳಿ ಹೂವು ಬಿಡಿಸಿ ಅಂಗೈ ಮೇಲೆ ಇಟ್ಟಿದ್ದಾರೆ. ದಳದ ಬುಡದಲ್ಲಿ ಕಂಡೂ ಕಾಣದ ಹಾಗೆ ಏಳೆಂಟು ಕಪ್ಪು ಹುಳ. ಅಂಗಡಿಗೆ ಹೊಸ ಹುಡುಗ ಸೇರಿದರೆ ಮೊದಲು ಅದನ್ನೇ ತೋರಿಸುತ್ತೇನೆ. ಇನ್ನು ಬೀಜದ ಚೀಲದ ಮೇಲಿನ ಲಾಟ್ ನಂಬರ್ ಫೋಟೋ. ಮೊಳಕೆ ಬರಲಿಲ್ಲ ಅಂತ ತಕರಾರು ಬಂದಾಗ ಅದಿಲ್ಲದೆ ಬಾಯಿ ತೆರೆಯೋ ಹಾಗಿಲ್ಲ. ಹಾಗಾಗಿ ಎಲ್ಲಾ ಅಳಿಸಿ ಕೈ ತೊಳೆದುಕೊಳ್ಳುವ ದಾರಿ ನಮಗಿಲ್ಲ.

ಮೊದಲು ಜಾಗ ಎಲ್ಲಿ ಹೋಗಿದೆ ಅಂತ ನೋಡಿದೆ. ಕ್ಯಾಮೆರಾ ಫೋಟೋ, ವಿಡಿಯೋ ಸೇರಿ ಮೂವತ್ತೈದು ಜಿಬಿ ಇರಬಹುದು. ವಾಟ್ಸಾಪ್ ಒಂದೇ ಹತ್ತಿರ ಹತ್ತಿರ ಐವತ್ತು. ಅದರಲ್ಲಿ ಬಹಳ ಜನ ನೋಡದ ಮೂಲೆ ಅಂದರೆ ಸೆಂಟ್ ಫೋಲ್ಡರ್. ಗ್ಯಾಲರಿಯಿಂದ ಯಾರಿಗಾದರೂ ಒಂದು ಫೋಟೋ ಕಳಿಸಿದರೆ, ಅದರ ಕುಗ್ಗಿಸಿದ ಇನ್ನೊಂದು ಪ್ರತಿ ಅಲ್ಲಿ ಕೂತಿರುತ್ತದೆ. ಗ್ಯಾಲರಿಯಲ್ಲಿ ಕಾಣೋದಿಲ್ಲ. ಈಗಿನ ಆಂಡ್ರಾಯ್ಡ್‌ನಲ್ಲಿ ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸಾಪ್ ಅಂತ ಒಳಗೆ ಹೋಗುತ್ತಾ ಹೋದರೆ ಸಿಗುತ್ತದೆ. ನನ್ನದರಲ್ಲಿ ಅದೇ ಎಂಟೊಂಬತ್ತು ಜಿಬಿ ಇತ್ತು. ಒಂದೇ ದರಪಟ್ಟಿಯನ್ನು ಐವತ್ತು ಜನಕ್ಕೆ ಕಳಿಸುವವರಿಗೆ ಇನ್ನೇನಾಗುತ್ತೆ!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನನ್ನ ಫೋನ್ ಪೂರ್ತಿ ಕಟ್ಟಿಕೊಂಡಿತು. ಎಡದಂಡೆ ಕಾಲುವೆ ನಂಬಿದ ಊರು ನಮ್ಮದು. ಇರೋ ಬರೋ ಗುಂಪಿನಲ್ಲೆಲ್ಲ ಅದೇ ವಿಡಿಯೋ. ಒಂದೇ ದೃಶ್ಯ ಬೇರೆ ಬೇರೆ ಹೆಸರಲ್ಲಿ, ಕೆಲವಕ್ಕೆ ಹಿಂದೆ ಹಾಡು ಬೇರೆ. ಆವತ್ತೇ ವಾಟ್ಸಾಪಿನ ಆಟೋ ಡೌನ್‌ಲೋಡ್ ಬಂದ್ ಮಾಡಿದೆ. ಇನ್ನೂ ಮಾಡದವರು ಓದೋದು ನಿಲ್ಲಿಸಿ ಮೊದಲು ಅದನ್ನು ಮಾಡಿ ಬನ್ನಿ.

ಇನ್ನು ಕೈಕೊಟ್ಟ ದಾರಿಗಳು.

ಎಲ್ಲರೂ ಹೇಳೋದು ಗೂಗಲ್ ಫೋಟೋಸ್. ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಎಷ್ಟು ಹಾಕಿದರೂ ಬಿಟ್ಟಿ ಅನ್ನೋ ಲೆಕ್ಕ 2021ರ ಜೂನ್ 1ಕ್ಕೇ ಮುಗಿಯಿತು. ಈಗ ಬಿಟ್ಟಿ ಸಿಗೋ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ ಇರಬೇಕು. 2024ರಿಂದ ವಾಟ್ಸಾಪ್ ಬ್ಯಾಕಪ್ ಕೂಡ ಅದೇ ಲೆಕ್ಕಕ್ಕೆ ಬಂತು. ನನ್ನ ವಾಟ್ಸಾಪ್ ಒಂದೇ ಸಾಕಿತ್ತು ಅದನ್ನು ಮುಗಿಸೋಕೆ. ಇನ್ನೊಂದು ಖಾತೆ ತೆರೆದು ಅಲ್ಲಿಗೆ ಹಾಕಿ ಅಂತಾರೆ. ಹಾಕಬಹುದು. ಆದರೆ ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು ಅಂತ ನಿಯಮ ಇದೆ. ತುಂಬಿಸಿ ಮರೆತರೆ ಗೋವಿಂದ.

ಗೂಗಲ್ ಫೋಟೋಸ್‌ನಲ್ಲಿ ಜನ ಎಡವೋದು ಇನ್ನೊಂದು ಕಡೆ. ಬ್ಯಾಕಪ್ ಆಯ್ತಲ್ಲ ಅಂತ ಅದೇ ಆ್ಯಪಿನಲ್ಲಿ ಫೋಟೋ ಆರಿಸಿ ಸೀದಾ ಡಿಲೀಟ್ ಒತ್ತಿಬಿಡುತ್ತಾರೆ. ಅದು ಫೋನಿನಿಂದಲೂ ಹೋಗುತ್ತೆ, ಮೇಲೆ ಗೂಗಲ್‌ನಲ್ಲಿ ಇಟ್ಟ ಪ್ರತಿಯೂ ಹೋಗುತ್ತೆ. ಕಸದಬುಟ್ಟಿಯಲ್ಲಿ 60 ದಿನ ಇರುತ್ತೆ, ಆಮೇಲೆ ಇಲ್ಲ. ಫೋನ್ ಮಾತ್ರ ಖಾಲಿ ಆಗಬೇಕಿದ್ದರೆ ಒತ್ತಬೇಕಾದ್ದು ಫ್ರೀ ಅಪ್ ಸ್ಪೇಸ್. ನಮ್ಮ ಅಂಗಡಿ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ಮತ್ತೆ, ವಾಟ್ಸಾಪ್ ಫೋಲ್ಡರ್ ತಾನಾಗಿ ಬ್ಯಾಕಪ್ ಆಗೋದಿಲ್ಲ, ಅದನ್ನು ಬೇರೆ ಆನ್ ಮಾಡಬೇಕು. ನಾನಂತೂ ಮಾಡಿಲ್ಲ.

ಆಮೇಲೆ ಪೆನ್‌ಡ್ರೈವ್. ಆನ್‌ಲೈನ್‌ನಲ್ಲಿ 1 ಟಿಬಿ ಪೆನ್‌ಡ್ರೈವ್ ಆರುನೂರು ರೂಪಾಯಿ ಅಂತ ಬಂತು. ಅಷ್ಟು ಅಗ್ಗಕ್ಕೆ ಹೇಗೆ ಬರುತ್ತೆ ಅಂತ ಅನುಮಾನ ಇದ್ದೇ ಇತ್ತು, ನೋಡೇಬಿಡೋಣ ಅಂತ ತರಿಸಿದೆ. ಕಂಪ್ಯೂಟರಿಗೆ ಹಾಕಿದರೆ 1 ಟಿಬಿ ಅಂತಲೇ ತೋರಿಸುತ್ತೆ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಪುಟ್ಟ ಸಾಫ್ಟ್‌ವೇರ್ ಇದೆ, ಪುಕ್ಕಟೆ. ಅದು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತೆ. ರಾತ್ರಿಯೆಲ್ಲಾ ಓಡಿಸಿದೆ, ಮಾರನೇ ದಿನವೂ ಓಡಿತು. ಒಳಗೆ ನಿಜವಾಗಿ ಇದ್ದದ್ದು ಮೂವತ್ತು ಜಿಬಿ ಚಿಲ್ಲರೆ. ಅದರಾಚೆ ಬರೆದದ್ದೆಲ್ಲ ಗಾಳಿಗೆ. ಇಂಥದ್ದರಲ್ಲಿ ಫೈಲಿನ ಹೆಸರು ಕಾಣುತ್ತೆ, ಸೈಜೂ ಕಾಣುತ್ತೆ, ತೆರೆದರೆ ಏನೂ ಇರೋದಿಲ್ಲ. ಆರುನೂರಕ್ಕೆ ಒಳ್ಳೆ ಪಾಠ, ಅಗ್ಗವಾಯಿತು ಅಂದುಕೊಂಡೆ.

ಮೆಮೊರಿ ಕಾರ್ಡೂ ನೋಡಿದೆ. ಅದನ್ನು ಫೋನಿನ ಒಳಗಿನ ಸ್ಟೋರೇಜ್ ಅಂತ ಫಾರ್ಮ್ಯಾಟ್ ಮಾಡಿದರೆ ಬೇರೆ ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಓದಲು ಬರೋದಿಲ್ಲ, ಆ ಫೋನಿಗೇ ಬೀಗ ಹಾಕಿಕೊಂಡ ಲೆಕ್ಕ. ಫೋನ್ ಸತ್ತರೆ ಕಾರ್ಡೂ ಸತ್ತಿತು. ಬೇಡವೇ ಬೇಡ.

ಜಾಸ್ತಿ ತಲೆ ತಿಂದದ್ದು ಕೇಬಲ್. ಫೋನ್ ಕಂಪ್ಯೂಟರಿಗೆ ಹಾಕಿ, ಕ್ಯಾಮೆರಾ ಫೋಲ್ಡರ್ ಪೂರ್ತಿ ಎಳೆದು ಬಿಡೋದು. ಸಾವಿರಗಟ್ಟಲೆ ಫೈಲ್ ಒಂದೇ ಸಲ ಎಳೆದರೆ ಅರ್ಧಕ್ಕೆ ನಿಲ್ಲುತ್ತೆ. ಅಷ್ಟರಲ್ಲಿ ಕರೆಂಟ್ ಹೋಯಿತೋ, ಮುಗೀತು. ಹಾಗೆ ಅರ್ಧಕ್ಕೆ ನಿಂತ ಒಂದು ಫೋಟೋ ತೆರೆದು ನೋಡಿದ್ದೆ. ಮೇಲೆ ಭತ್ತದ ಗರಿ, ಅದರ ಮೇಲೆ ಕಣ್ಣಿನಾಕಾರದ ಬೆಂಕಿ ರೋಗದ ಚುಕ್ಕೆ ಸ್ಪಷ್ಟ. ನಡುವಿನಿಂದ ಕೆಳಗೆ ಬರೀ ಬೂದಿ ಬಣ್ಣ. ಕಾಪಿ ಮಾಡಿದ್ದರಿಂದ ಫೋನಿನಲ್ಲಿ ಮೂಲ ಇತ್ತು, ಬಚಾವ್. ಕಟ್ ಮಾಡಿ ಪೇಸ್ಟ್ ಮಾಡುವವರ ಎದೆಗಾರಿಕೆಗೆ ನನ್ನದೊಂದು ನಮಸ್ಕಾರ.

ಇಷ್ಟೆಲ್ಲಾ ಆದಮೇಲೆ ನನಗೆ ಹೊಳೆದದ್ದು ಇಷ್ಟೇ. ಕಾಪಿ ಮಾಡೋದು ಒಂದು ಕೆಲಸ, ಖಾಲಿ ಮಾಡೋದು ಇನ್ನೊಂದು ಕೆಲಸ. ಎರಡನ್ನೂ ಒಂದೇ ದಿನ ಮಾಡಬಾರದು. ಈ ತಿಂಗಳು ಕಾಪಿ ಮಾಡಿದ್ದನ್ನು ಮುಂದಿನ ತಿಂಗಳು ಅಳಿಸಬೇಕು. ನಡುವಿನ ಒಂದು ತಿಂಗಳಲ್ಲಿ ಏನಾದರೂ ಎಡವಟ್ಟು ಆಗಿದ್ದರೆ ಗೊತ್ತಾಗುತ್ತೆ, ಮೂಲ ಇನ್ನೂ ಫೋನಿನಲ್ಲಿ ಇರುತ್ತೆ. ಅಕ್ಕನ ಮಗ ಇದನ್ನು ಕೇಳಿ ನಕ್ಕ. "ಮಾವಾ, ಇದೇನ್ ಬ್ಯಾಂಕಿನ ಕಂತಾ?" ಅಂದ. ನಗಲಿ.

ಫೋಟೋಗಳನ್ನು ಮೊದಲು ಮೂರು ಮಾಡಿಕೊಳ್ಳುತ್ತೇನೆ: ಅಂಗಡಿ, ಮನೆ, ಕಸ. ಬಿತ್ತನೆ ಬೀಜವನ್ನು ತಿನ್ನೋ ಕಾಳಿನ ಜೊತೆ ಬೆರೆಸಿ ಇಡೋದಿಲ್ಲ ಅಲ್ವಾ, ಹಾಗೆ. ಕಸ ಅಂದರೆ ಗುಡ್ ಮಾರ್ನಿಂಗ್, ಫಾರ್ವರ್ಡ್ ವಿಡಿಯೋ, ಸ್ಕ್ರೀನ್‌ಶಾಟ್. ವಾಟ್ಸಾಪ್ ಸೆಟ್ಟಿಂಗ್‌ನ ಸ್ಟೋರೇಜ್ ಜಾಗದಲ್ಲಿ 5 ಎಂಬಿಗಿಂತ ದೊಡ್ಡದು, ಬಹಳ ಸಲ ಫಾರ್ವರ್ಡ್ ಆದದ್ದು ಅಂತ ಬೇರೆ ಬೇರೆ ತೋರಿಸುತ್ತೆ. ಅಲ್ಲಿಂದಲೇ ಇಪ್ಪತ್ತು ಜಿಬಿಯಷ್ಟು ಒಂದು ಭಾನುವಾರ ಮಧ್ಯಾಹ್ನ ಹೋಯಿತು. ಒಂದು ಎಚ್ಚರ: ವಾಟ್ಸಾಪಿನ ಹಳೇ ಫೋಟೋ ಅಳಿಸಿದ ಮೇಲೆ ಮತ್ತೆ ಡೌನ್‌ಲೋಡ್ ಆಗುತ್ತೆ ಅಂತ ನಂಬಬೇಡಿ. ಕಳಿಸಿದವರನ್ನೇ ಮತ್ತೆ ಕೇಳಬೇಕಾಗುತ್ತೆ. ರೈತರು ಅಷ್ಟೊತ್ತಿಗೆ ಫೋನನ್ನೇ ಬದಲಿಸಿರುತ್ತಾರೆ.

ಕಾಪಿಗೆ 1 ಟಿಬಿ ಹಾರ್ಡ್ ಡಿಸ್ಕ್ ಎರಡು. ತಿಂಗಳ ಲೆಕ್ಕದಲ್ಲಿ ಎಳೆಯುತ್ತೇನೆ, ಒಂದು ಸಲಕ್ಕೆ ಮೂರ್ನಾಲ್ಕು ನೂರು ಫೈಲ್, ಅದಕ್ಕಿಂತ ಜಾಸ್ತಿ ಇಲ್ಲ. ಕ್ಯಾಮೆರಾ ಫೋಟೋ ಹೆಸರಿನಲ್ಲೇ ತಾರೀಖು ಇರುತ್ತೆ, ವಾಟ್ಸಾಪ್ ಫೋಟೋ ಹೆಸರಿನಲ್ಲೂ ಇರುತ್ತೆ. ಹೆಸರಿನ ಪ್ರಕಾರ ಜೋಡಿಸಿದರೆ ಸಾಕು, ತಿಂಗಳು ತಾನಾಗಿ ಬೇರೆಯಾಗುತ್ತೆ. ವಾಟ್ಸಾಪ್ ಫೋಟೋಗಳ ಹೆಸರು ಮಾತ್ರ ಬದಲಿಸಬೇಡಿ. ಒಳಗಿನ ತಾರೀಖು, ಜಾಗದ ವಿವರ ಎಲ್ಲಾ ಅದು ತೆಗೆದುಹಾಕಿರುತ್ತೆ, ಉಳಿಯೋದು ಆ ಹೆಸರೊಂದೇ. ಲಾಟ್ ನಂಬರಿನಂಥ ಫೋಟೋ ಇದ್ದರೆ ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಹೇಳುತ್ತೇನೆ, ಆಗ ಕುಗ್ಗೋದೂ ಇಲ್ಲ, ವಿವರವೂ ಉಳಿಯುತ್ತೆ.

ಮೊದಲ ಡಿಸ್ಕಿನಿಂದ ಎರಡನೇ ಡಿಸ್ಕಿಗೆ ಟೆರಾಕಾಪಿ ಅನ್ನೋ ಸಾಫ್ಟ್‌ವೇರಿನಲ್ಲಿ ವೆರಿಫೈ, ಅಂದರೆ ಕಾಪಿ ಸರಿ ಬಂತಾ ಅಂತ ತಾಳೆ ನೋಡೋದು, ಹಾಕಿ ಬಿಡುತ್ತೇನೆ. ಎಷ್ಟು ಫೈಲ್, ಒಟ್ಟು ಎಷ್ಟು ಸೈಜ್ ಅಂತ ಫೋನಿನ ಜೊತೆ ತಾಳೆ ನೋಡುತ್ತೇನೆ. ಕೊನೆಗೆ ಕಣ್ಣಿನಿಂದ. ಮೊದಲನೇದು, ಕೊನೇದು, ನಡುವೆ ಎಲ್ಲೋ ಒಂದು, ಮತ್ತೆ ಎಲ್ಲಕ್ಕಿಂತ ಉದ್ದದ ವಿಡಿಯೋದ ಕೊನೆಯ ಅರ್ಧ ನಿಮಿಷ. ಕೆಟ್ಟಿದ್ದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತೆ. ಹೊಸ ಡಿಸ್ಕ್ ಅಥವಾ ಪೆನ್‌ಡ್ರೈವ್ ಎಫ್‌ಎಟಿ32 ಅನ್ನೋ ಹಳೇ ಫಾರ್ಮ್ಯಾಟಿನಲ್ಲಿ ಇದ್ದರೆ 4 ಜಿಬಿ ದಾಟಿದ ಫೈಲ್ ಹಿಡಿಯೋದಿಲ್ಲ, ಮದುವೆ ವಿಡಿಯೋ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎಕ್ಸ್‌ಫ್ಯಾಟ್ ಅಂತ ಫಾರ್ಮ್ಯಾಟ್ ಮಾಡಿಕೊಂಡರೆ ಆಯಿತು. ಫೋಲ್ಡರಿಗೆ ಹೆಸರು ಕೊಡೋದರಲ್ಲಿ ನನ್ನದೊಂದು ಪದ್ಧತಿ ಇದೆ. ಯಾವ ರೈತರ ಯಾವ ಬೆಳೆ ಕೇಳಿದರೂ ಒಂದು ನಿಮಿಷದಲ್ಲಿ ತೆಗೀತೀನಿ. ಅದನ್ನು ಹೇಳೋದಿಲ್ಲ, ವ್ಯಾಪಾರದ ವಿಷಯ.

ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಅಂಗಡಿಯದ್ದು ಗೋಡೌನಿನಲ್ಲಿ ಅಲ್ಲ. ಗಂಧಕದ ಚೀಲ ಇರುವ ಜಾಗದಲ್ಲಿ ಎಲೆಕ್ಟ್ರಾನಿಕ್ ಸಾಮಾನು ಇಡಲೇಬಾರದು, ಒಳಗಿನ ತಾಮ್ರ, ಬೆಳ್ಳಿಯ ಸಂದುಗಳನ್ನು ಅದು ತಿನ್ನುತ್ತೆ. ಬೇಸಿಗೆಯಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತೆ. ತಗಡಿನ ಕೆಳಗೆ ಮಧ್ಯಾಹ್ನ ಡಿಸ್ಕ್ ಓಡಿಸಿದರೆ ಮುಟ್ಟಲಾರದಷ್ಟು ಕಾಯುತ್ತೆ. ಏಪ್ರಿಲ್, ಮೇನಲ್ಲಿ ಈ ಕೆಲಸ ಬೆಳಗಿನ ಜಾವವೇ.

ಮೂರನೇ ಪ್ರತಿ ಮೇಲೆ ಗೂಗಲ್‌ನಲ್ಲಿ, 100 ಜಿಬಿ ಪ್ಲಾನ್. ನಾನು ಕಟ್ಟಿದ್ದು ವರ್ಷಕ್ಕೆ ಸಾವಿರದ ಮುನ್ನೂರು. ಅಲ್ಲಿಗೆ ಮನೆಯ ಫೋಟೋ ಮತ್ತು ಲಾಟ್ ನಂಬರ್ ಮಾತ್ರ. ವೈಫೈ ಇಲ್ಲದವರಿಗೆ ಒಂದು ಮಾತು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಅರ್ಧ ಹಾಗೇ ಉಳಿದು ರಾತ್ರಿ ಹನ್ನೆರಡಕ್ಕೆ ಸುಮ್ನೆ ಹೋಗುತ್ತಲ್ಲ. ಹನ್ನೊಂದು ಗಂಟೆಗೆ ಬ್ಯಾಕಪ್ ಆನ್ ಮಾಡಿ ಮಲಗುತ್ತಿದ್ದೆ. ಉಳಿದ ಡೇಟಾದಲ್ಲೇ ಎರಡು ಮೂರು ತಿಂಗಳಿನಲ್ಲಿ ಪೂರ್ತಿ ಏರಿತು. ಇದನ್ನು ಪೈಸೆ ಖರ್ಚಿಲ್ಲದೆ ಇನ್ನೂ ಬೇಗ ಮಾಡುವ ಉಪಾಯ ಇದೆ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ನಡುವೆ ಟೆಲಿಗ್ರಾಮಿನಲ್ಲಿ ನನಗೊಬ್ಬನಿಗೇ ಒಂದು ಚಾನೆಲ್ ಮಾಡಿ ಹುಳದ ಫೋಟೋ ಹಾಕಿ ನೋಡಿದೆ. ಫೈಲ್ ಅಂತ ಕಳಿಸಿದರೆ ಮಾತ್ರ ಕುಗ್ಗೋದಿಲ್ಲ, ಫೋಟೋ ಅಂತ ಕಳಿಸಿದರೆ ಕುಗ್ಗುತ್ತೆ. ಹುಡುಕೋಕೆ ಬಹಳ ಅನುಕೂಲ, ಹುಡುಗರಿಗೆ ತೋರಿಸೋಕೆ ಈಗಲೂ ಬಳಸುತ್ತೇನೆ. ಆದರೆ ಅದೊಂದನ್ನೇ ನಂಬಿ ಫೋನಿನಿಂದ ಅಳಿಸೋದಿಲ್ಲ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ವಿಡಿಯೋವನ್ನು 4ಕೆಯಿಂದ 1080ಕ್ಕೆ ಇಳಿಸಿದೆ. ನನ್ನ ಫೋನಿನಲ್ಲಿ ಒಂದು ನಿಮಿಷಕ್ಕೆ ಮುನ್ನೂರು ಎಂಬಿ ಮೇಲೆ ತಿನ್ನುತ್ತಿದ್ದದ್ದು ನೂರರ ಆಸುಪಾಸಿಗೆ ಬಂತು. ಗದ್ದೆಯ ವಿಡಿಯೋಗೆ ಅಷ್ಟು ಧಾರಾಳ ಸಾಕು.

ಖರ್ಚು ಹೇಳಬೇಕೆಂದರೆ ಡಿಸ್ಕ್ ಎರಡಕ್ಕೆ ಎಂಟೂವರೆ ಸಾವಿರ, ಪ್ಲಾನಿಗೆ ಸಾವಿರದ ಮುನ್ನೂರು, ಆ ನಕಲಿ ಪೆನ್‌ಡ್ರೈವಿನ ಆರುನೂರು. ಹತ್ತೂವರೆ ಸಾವಿರದೊಳಗೆ ಮುಗಿಯಿತು. ಡಿಸ್ಕ್ ಇನ್ನೂ ಅರ್ಧವೂ ತುಂಬಿಲ್ಲ. ಅಕ್ಕನ ಮಗ ಈಗ ನಗೋದಿಲ್ಲ. ಹೋದ ವಾರ ತನ್ನ ಗಿರಾಕಿ ಒಬ್ಬರನ್ನು ನನ್ನ ಹತ್ತಿರ ಕಳಿಸಿದ್ದ. ನಮ್ಮ ಸಾಲಿನ ಇಬ್ಬರು ಗೊಬ್ಬರದ ಅಂಗಡಿಯವರೂ ಫೋನ್ ತಂದು ಕೊಟ್ಟಿದ್ದಾರೆ. ಡಿಸ್ಕ್ ನೀವೇ ತರಬೇಕು, ಬಿಲ್ ಇರಬೇಕು, ಒಂದು ತಿಂಗಳು ತಡೀಬೇಕು ಅಂತ ಹೇಳಿ ಇಟ್ಟುಕೊಂಡಿದ್ದೇನೆ. ಒಬ್ಬರು ಆಗಲೇ ಎರಡು ಸಲ ಫೋನ್ ಮಾಡಿ ಕೇಳಿದರು, "ಇನ್ನೂ ಡಿಲೀಟ್ ಮಾಡಿಲ್ಲೇನ್ರೀ?" ಅಂತ.