ಕೆಂಡದ ಮೇಲೆ ಜೋಳ: ಮಸಾಲೆ ಕೊನೆಗೆ

ಟೆರೇಸಿನ ಮೇಲೆ ಬಾರ್ಬೆಕ್ಯೂ ಎಂದರೆ ಚಿಕನ್‌ಗೋ ಪನೀರ್‌ಗೋ ಮೊದಲೇ ಮಸಾಲೆ ಹಚ್ಚಿಡುವುದು ರೂಢಿ. ಅದೇ ಅಭ್ಯಾಸದಲ್ಲಿ ಜೋಳಕ್ಕೂ ಬೆಣ್ಣೆ, ಖಾರದಪುಡಿ ಬಳಿದು ಕೆಂಡಕ್ಕೆ ಇಟ್ಟರೆ ಕೆಟ್ಟಿತು. ಕಾಳಿನ ಹೊಟ್ಟು ಬಿಗಿ, ಮಸಾಲೆ ಒಳಗೆ ಇಳಿಯುವುದೇ ಇಲ್ಲ. ಮೇಲುಳಿದ ಖಾರದಪುಡಿ ಕರಕಲಾಗಿ ಕಹಿಯಾಗುತ್ತದೆ. ಬೆಣ್ಣೆ ಕೆಂಡಕ್ಕೆ ತೊಟ್ಟಿಕ್ಕಿ ಉರಿ ಎದ್ದು ತೆನೆಗೆ ಮಸಿ ಹಿಡಿಯುತ್ತದೆ. ರಸ್ತೆ ಬದಿಯಲ್ಲಿ ಜೋಳ ಸುಡುವವರು ನಿಂಬೆ ಹೋಳನ್ನು ಉಪ್ಪು-ಖಾರದಲ್ಲಿ ಅದ್ದಿ, ಸುಟ್ಟ ಮೇಲಷ್ಟೇ ಉಜ್ಜುವುದು ಇದಕ್ಕೇ.

ತೆನೆ ಆರಿಸುವಾಗ

ನಾಲ್ವರಿಗೆ ಆರು ತೆನೆ ಸಾಕು. ಸಿಪ್ಪೆ ಹಸಿರಾಗಿ ಬಿಗಿಯಾಗಿರಲಿ, ತುದಿಯ ಕೂದಲು ಕಂದು ಬಣ್ಣಕ್ಕೆ ತಿರುಗಿರಲಿ. ಒಂದು ಕಾಳಿಗೆ ಉಗುರು ಒತ್ತಿ ನೋಡಿ. ಹಾಲಿನಂಥ ರಸ ಚಿಮ್ಮಿದರೆ ಹದ. ತಿಳಿನೀರು ಬಂದರೆ ಇನ್ನೂ ಎಳಸು. ಹಿಟ್ಟಿನಂತೆ ಮೆತ್ತಿಕೊಂಡರೆ ಬಲಿತಿದೆ, ಎಷ್ಟು ಸುಟ್ಟರೂ ದವಡೆ ನೋವೇ ಗತಿ. ಕಿತ್ತ ಗಳಿಗೆಯಿಂದ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಆದ್ದರಿಂದ ಸುಡುವ ದಿನವೇ ತಂದು, ಸಿಪ್ಪೆ ಸಮೇತ ಫ್ರಿಜ್‌ನಲ್ಲಿಡಿ.

ಸ್ವೀಟ್ ಕಾರ್ನ್‌ನಲ್ಲಿ ಸಕ್ಕರೆ ಹೆಚ್ಚು, ಹಾಗಾಗಿ ಬೇಗ ಸೀಯುತ್ತದೆ. ನಾಟಿ ಮುಸುಕಿನ ಜೋಳ ಸಿಹಿ ಕಡಿಮೆ, ಜಗಿಯಲು ಪುರುಸೊತ್ತು ಬೇಕು. ಆದರೆ ಕೆಂಡದ ರುಚಿ ಹೊಂದುವುದು ಅದಕ್ಕೇ. ಎಳೆಯದು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಅದನ್ನೇ ತನ್ನಿ.

ಕೆಂಡದ ಹದ

ಒಂದೂವರೆ ಕಿಲೋ ಇದ್ದಿಲು ಬೇಕು. ಹೊತ್ತಿಸಲು ಒಣಗಿದ ತೆಂಗಿನ ಕರಟದ ನಾಲ್ಕು ಚೂರು ಸಾಕು. ಸೀಮೆಎಣ್ಣೆ ಸುರಿದರೆ ಅದರ ವಾಸನೆ ತೆನೆಗೂ ಅಂಟುತ್ತದೆ. 25-30 ನಿಮಿಷದಲ್ಲಿ ಉರಿ ಇಳಿದು ಇದ್ದಿಲಿನ ಮೇಲೆ ಬೂದಿ ಕಟ್ಟುತ್ತದೆ. ಆಗ ಜಾಲರಿಯಿಂದ 10 ಸೆಂ.ಮೀ. ಮೇಲೆ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಜೋಳಕ್ಕೆ ಕಾವು ಜೋರಾಯಿತು. ನಾಲ್ಕೈದು ಎಣಿಸುವವರೆಗೆ ತಾಳಿದರೆ ಸರಿ. ಜೋರು ಕಾವಿನ ಅಡುಗೆಗಳೆಲ್ಲ ಮುಗಿದ ಮೇಲೆ ಜೋಳ ಇಡುವುದು ಒಳ್ಳೆಯದು. ಜಾಲರಿಗೆ ಅಂಟಿದ ಮಸಾಲೆಯನ್ನು ಮೊದಲು ಉಜ್ಜಿ ತೆಗೆಯಿರಿ. ಮುಚ್ಚಿದ ಬಾಲ್ಕನಿಯಲ್ಲಿ ಮಾತ್ರ ಇದ್ದಿಲು ಹೊತ್ತಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವಕ್ಕೇ ಅಪಾಯ.

ಸುಡುವುದು

ಸಿಪ್ಪೆಯನ್ನು ಕೀಳದೆ ಬುಡದ ಕಡೆಗೆ ಮಡಚಿ, ಕೂದಲನ್ನೆಲ್ಲ ತೆಗೆಯಿರಿ. ಅದೇ ಸಿಪ್ಪೆಯ ಒಂದು ಎಳೆಯಿಂದ ಬಿಗಿದು ಕಟ್ಟಿದರೆ ಹಿಡಿಯಲು ಹಿಡಿಕೆ ಆಯಿತು. ಆ ಭಾಗ ಕೆಂಡದಿಂದ ಹೊರಗಿರಲಿ, ಇಲ್ಲವಾದರೆ ಹೊತ್ತಿಕೊಳ್ಳುತ್ತದೆ. ಕಾಳಿಗೆ ತುಪ್ಪವನ್ನು ತೆಳುವಾಗಿ ಸವರಿ, ಆರು ತೆನೆಗೆ ಎರಡು ಚಮಚ ಸಾಕು. ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಕಪ್ಪಾಗುತ್ತದೆ, ತುಪ್ಪದಲ್ಲಿ ಆ ತೊಂದರೆ ಇಲ್ಲ. ಎರಡು-ಮೂರು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಾ 10-12 ನಿಮಿಷ ಸುಡಿ. ಅಲ್ಲಲ್ಲಿ ಕಂದು ಚುಕ್ಕೆ, ಒಂದೆರಡು ಕಡೆ ಕಪ್ಪು ಬಂದರೆ ಆಯಿತು. ಬಲಿತ ಕಾಳಾದರೆ ಒಳಗಿನ ಹಬೆಗೆ ಪಟ್ಟೆಂದು ಸಿಡಿಯಬಹುದು, ಮುಖ ಬಗ್ಗಿಸಿ ನೋಡಬೇಡಿ.

ನಾಟಿ ಜೋಳಕ್ಕೆ ದಾರಿ ಬೇರೆ. ಸಿಪ್ಪೆ ಸಮೇತ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹಾಗೇ 15-20 ನಿಮಿಷ ಕೆಂಡದ ಮೇಲಿಡಿ. ಒಳಗೆ ಹಬೆಯಲ್ಲಿ ಬೇಯುತ್ತದೆ. ಆಮೇಲೆ ಸಿಪ್ಪೆ ಸುಲಿದು ಮೂರು ನಿಮಿಷ ಬರಿ ಕೆಂಡದ ಕಾವು ತೋರಿಸಿ. ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಟ್ಟರೆ ಬೇಯುತ್ತದೆ, ಆದರೆ ಹೊಗೆಯ ಘಮ ತಾಗುವುದಿಲ್ಲ. ಅದಕ್ಕಿಂತ ಕುಕ್ಕರಿನಲ್ಲಿ ಬೇಯಿಸಿಕೊಳ್ಳುವುದೇ ವಾಸಿ.

ಮಸಾಲೆ

ಫ್ರಿಜ್‌ನ ಹೊರಗಿಟ್ಟು ಮೆತ್ತಗಾದ 60 ಗ್ರಾಂ ಬೆಣ್ಣೆಗೆ ಬ್ಯಾಡಗಿ ಖಾರದಪುಡಿ ಒಂದೂವರೆ ಟೀ ಚಮಚ, ಹುರಿದ ಜೀರಿಗೆ ಪುಡಿ ಒಂದು, ಕರಿ ಉಪ್ಪು ಅರ್ಧ, ಪುಡಿ ಉಪ್ಪು ಅರ್ಧ, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು ಸೇರಿಸಿ ಕಲಸಿ. ಬ್ಯಾಡಗಿ ಬಣ್ಣ ಹೆಚ್ಚು, ಖಾರ ಕಡಿಮೆ, ಮಕ್ಕಳೂ ತಿನ್ನಬಹುದು. ಕಲ್ಲುಪ್ಪು ಬೇಡ, ಬೆಣ್ಣೆಯಲ್ಲಿ ಕರಗದೆ ಕಾಳಿನಿಂದ ಉದುರುತ್ತದೆ. ತೆನೆ ಕೆಂಡದಿಂದ ಇಳಿದ ಕೂಡಲೇ, ಬಿಸಿ ಇರುವಾಗಲೇ ಬಳಿಯಿರಿ. ತಣ್ಣಗಾದ ಕಾಳಿಗೆ ಬೆಣ್ಣೆ ಮುದ್ದೆಯಾಗಿ ಅಂಟುತ್ತದೆ. ಮೇಲೆ ಅರ್ಧ ನಿಂಬೆ ಉಜ್ಜಿ, ಕೊತ್ತಂಬರಿ ಸೊಪ್ಪು ಉದುರಿಸಿ. ಬೆಣ್ಣೆ ಒಲ್ಲದವರಿಗೆ ಅದೇ ಪುಡಿಗಳನ್ನು ತಟ್ಟೆಯಲ್ಲಿ ಹರಡಿ, ನಿಂಬೆ ಹೋಳು ಅದ್ದಿ ಉಜ್ಜಿದರಾಯಿತು. ರಸವೇ ಪುಡಿಯನ್ನು ಹಿಡಿದಿಡುತ್ತದೆ.

ಆರಿದರೆ ಕಾಳು ಸುಕ್ಕುಗಟ್ಟುತ್ತದೆ. ಊಟ ತಡವಾದರೆ ಮಸಾಲೆ ಬಳಿಯದೆ ಬಟ್ಟೆ ಸುತ್ತಿ ಮುಚ್ಚಿಟ್ಟರೆ ಕಾಲು ಗಂಟೆ ಬಿಸಿ ಉಳಿಯುತ್ತದೆ. ತೆನೆ ಮಿಕ್ಕರೆ ಫ್ರಿಜ್‌ನಲ್ಲಿಟ್ಟು, ಮರುದಿನ ಕಾಳು ಬಿಡಿಸಿ ಸೌತೆಕಾಯಿ, ತೆಂಗಿನ ತುರಿ ಹಾಕಿದರೆ ಹೊಗೆಯ ಘಮದ ಕೋಸಂಬರಿ.